ಕಾಕಾನ ಸ್ಟುಡಿಯೋದ ಹಳೆ ಲೆನ್ಸ್‌ಗಳು ಈಗಿನ ಕ್ಯಾಮೆರಾಗೆ ಕೂರುತ್ತವಾ?

ಶಹಾಬಾದಿ ಕಲ್ಲು, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಮ್ಮ ಕಾಕಾ ಕಲಬುರಗಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದರು. ರೀಲ್ ಕಾಲ ಮುಗಿದ ಮೇಲೆ ಬಾಗಿಲು ಹಾಕಿದರು. ಅವರ ಟ್ರಂಕಿನಲ್ಲಿದ್ದ ಮೂರು ಲೆನ್ಸ್‌ಗಳನ್ನು ಈಗ ನನಗೆ ಕೊಟ್ಟಿದ್ದಾರೆ.

ಒಂದು ಹೀಲಿಯೋಸ್ 44-2, 58 ಎಂಎಂ ಎಫ್ 2. ಝೆನಿಟ್ ಕ್ಯಾಮೆರಾ ಜೊತೆ ಬಂದದ್ದು. ಇನ್ನೊಂದು ಸೂಪರ್ ಟಕುಮಾರ್ 50 ಎಂಎಂ ಎಫ್ 1.4. ಇದರ ಗಾಜು ಚೆನ್ನಾಗಿಯೇ ಹಳದಿ ಆಗಿದೆ. ಮೂರನೆಯದು ನಿಕ್ಕಾರ್ 28 ಎಂಎಂ ಎಫ್ 2.8, ಎಐ-ಎಸ್ (ನಿಕಾನ್‌ನ ಹಳೆ ಮ್ಯಾನುಯಲ್ ಫೋಕಸ್ ಮಾದರಿ).

ನನ್ನ ಹತ್ತಿರ ಇರುವುದು ಸೋನಿ ಎ6400. ಕಲಬುರಗಿ ಕೋಟೆಯ ಜಾಮಾ ಮಸೀದಿ, ಹಫ್ತ್ ಗುಂಬಜ್, ಆಮೇಲೆ ಬೀದರ್‌ಗೆ ಹೋಗಿ ಬಿದ್ರಿ ಕೆಲಸ ಮಾಡುವವರ ಕೈಗಳು, ಇವನ್ನೆಲ್ಲ ಈ ಲೆನ್ಸ್‌ಗಳಲ್ಲೇ ತೆಗೆಯಬೇಕು ಅಂತ ಆಸೆ. ಕ್ಯಾಮೆರಾಗೆ ಏನಾದರೂ ತೊಂದರೆ ಆಗುತ್ತಾ? ಯಾವ ಅಡಾಪ್ಟರ್ ತೆಗೆದುಕೊಳ್ಳಲಿ? ಗೆಳೆಯರೆಲ್ಲ "ಆಟೋಫೋಕಸ್ ಇಲ್ಲ, ಸುಮ್ನೆ ಮಾರಿಬಿಡು" ಅನ್ನುತ್ತಿದ್ದಾರೆ. ಕಾಕಾ ಇವುಗಳಿಂದಲೇ ಮನೆ ನಡೆಸಿದವರು. ಮಾರಲು ಮನಸ್ಸಿಲ್ಲ. ಶೋಕೇಸಿನಲ್ಲಿ ಇಡಲೂ ಮನಸ್ಸಿಲ್ಲ.

ಹಳೆ ಸ್ಟುಡಿಯೋ, ಬೀದರ್

ತಮ್ಮಾ, ಒಳ್ಳೆ ಆಸ್ತಿ ಸಿಕ್ಕಿದೆ. ಮಾರಬೇಡ. ಮೂರೂ ನಿನ್ನ ಕ್ಯಾಮೆರಾಗೆ ಕೂರುತ್ತವೆ, ಕ್ಯಾಮೆರಾಗೆ ಏನೂ ಆಗುವುದಿಲ್ಲ.

ಲೆನ್ಸ್ ಕೂರುವ ರಿಂಗ್‌ನಿಂದ ಫಿಲ್ಮ್ ಅಥವಾ ಸೆನ್ಸರ್‌ವರೆಗೆ ಪ್ರತಿ ಮೌಂಟ್‌ಗೂ ಒಂದು ಗೊತ್ತುಮಾಡಿದ ಅಂತರ ಇರುತ್ತದೆ. ನಿನ್ನ ಹೀಲಿಯೋಸ್ ಮತ್ತು ಟಕುಮಾರ್ ಎರಡೂ ತಿರುಪಿನ ಎಂ42 ಮೌಂಟ್. ಅದಕ್ಕೆ 45.46 ಎಂಎಂ ಬೇಕು. ನಿಕಾನ್ ಎಫ್‌ಗೆ 46.5. ಸೋನಿ ಇ ಮೌಂಟ್‌ನಲ್ಲಿ ಆ ಅಂತರ 18 ಎಂಎಂ ಮಾತ್ರ, ಯಾಕೆಂದರೆ ಒಳಗೆ ಕನ್ನಡಿಯೇ ಇಲ್ಲ. ಉಳಿದ ಜಾಗವನ್ನು ಅಡಾಪ್ಟರ್ ತುಂಬುತ್ತದೆ. ಎಂ42ಗೆ 27.46 ಎಂಎಂ ದಪ್ಪ, ನಿಕಾನ್‌ಗೆ 28.5. ಅದು ಬರೀ ಟೊಳ್ಳು ಲೋಹದ ಕೊಳವೆ. ಒಳಗೆ ಗಾಜು ಇಲ್ಲದ್ದರಿಂದ ಚಿತ್ರದ ಗುಣ ಕೆಡುವ ಮಾತೇ ಇಲ್ಲ. ಹಾಗಾಗಿ ಎಂ42ಗೆ ಒಂದು, ನಿಕಾನ್‌ಗೆ ಒಂದು, ಎರಡು ಸಾದಾ ಅಡಾಪ್ಟರ್ ತರಿಸು. ತುಂಬಾ ದುಬಾರಿಯದು ಬೇಡ, ಆದರೆ ಅಲುಗಾಡದಂತೆ ಗಟ್ಟಿಯಾಗಿ ಕೂರಬೇಕು.

ಎಂ42 ಅಡಾಪ್ಟರ್ ತಿರುಗಿಸಿ ಹಾಕಿದಾಗ ಲೆನ್ಸಿನ ಗುರುತಿನ ಗೆರೆ ಮೇಲಕ್ಕೆ ಬಾರದೆ ಪಕ್ಕಕ್ಕೆ ನಿಲ್ಲಬಹುದು. ಕೆಲವು ಅಡಾಪ್ಟರ್‌ಗಳಲ್ಲಿ ಸಣ್ಣ ಸ್ಕ್ರೂ ಸಡಿಲಿಸಿ ಸರಿ ಮಾಡಿಕೊಳ್ಳಬಹುದು. ಟಕುಮಾರ್ ಮೈಮೇಲೆ ಎ ಮತ್ತು ಎಂ ಅಂತ ಸಣ್ಣ ಗುಂಡಿ ಇದೆ ನೋಡು, ಅದನ್ನು ಎಂ ಕಡೆಗೆ ಇಡಬೇಕು. ಇಲ್ಲದಿದ್ದರೆ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ರಿಂಗ್ ತಿರುಗಿಸಿದರೂ ಆ ಕಿಂಡಿಯ ಬ್ಲೇಡ್ ಮುಚ್ಚುವುದಿಲ್ಲ. ಹೀಲಿಯೋಸ್ 44-2ದಲ್ಲಿ ಎರಡು ರಿಂಗ್ ಇವೆ. ಮುಂದಿನದರಲ್ಲಿ ಎಷ್ಟು ಮುಚ್ಚಬೇಕೋ ಆ ಎಫ್ ಸಂಖ್ಯೆ ಇಟ್ಟುಕೋ. ಹಿಂದಿನದು ಟಕ್ ಟಕ್ ಅನ್ನದೆ ನಯವಾಗಿ ತಿರುಗುತ್ತದೆ, ಬ್ಲೇಡನ್ನು ನಿಜವಾಗಿ ತೆರೆದು ಮುಚ್ಚುವುದು ಅದೇ.

ಕ್ಯಾಮೆರಾ ಮೆನುವಿನಲ್ಲಿ ಲೆನ್ಸ್ ಇಲ್ಲದೆ ಶಟರ್ ಬಿಡುವ ಆಯ್ಕೆಯನ್ನು ಆನ್ ಮಾಡು. ಅದು ಆಫ್ ಇದ್ದರೆ ಬಟನ್ ಒತ್ತಿದರೂ ಕ್ಯಾಮೆರಾ ಸುಮ್ಮನೆ ಇರುತ್ತದೆ, ಬಹಳ ಜನ ಲೆನ್ಸೇ ಕೆಟ್ಟಿದೆ ಅಂದುಕೊಳ್ಳುವುದು ಇಲ್ಲೇ. ಆಮೇಲೆ ಡಯಲ್ ಎ ಮೋಡ್‌ಗೆ. ಅಪರ್ಚರ್ ನಿನ್ನ ಕೈಯಲ್ಲಿ, ಶಟರ್ ಸ್ಪೀಡ್ ಕ್ಯಾಮೆರಾ ನೋಡಿಕೊಳ್ಳುತ್ತದೆ.

ಸುರಪುರ ಸೈಕಲ್, ಯಾದಗಿರಿ ಜಿಲ್ಲೆ

ಹಿರಿಯರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಫೋಕಸ್ ಪೀಕಿಂಗ್ ಆನ್ ಮಾಡಿದರೆ ಸ್ಪಷ್ಟ ಇರುವ ಅಂಚುಗಳ ಮೇಲೆ ಕೆಂಪು ಅಥವಾ ಹಳದಿ ಗೆರೆ ಬರುತ್ತದೆ. ಎಫ್ 5.6, ಎಫ್ 8ಕ್ಕೆ ಅದು ಸಾಕು. ಎಫ್ 1.4 ಅಥವಾ ಎಫ್ 2ಕ್ಕೆ ಅದನ್ನೇ ನಂಬಬೇಡಿ. ಕಣ್ಣಿನ ರೆಪ್ಪೆಗೆ ಫೋಕಸ್ ಆಗಿದೆ ಅನ್ನಿಸುತ್ತದೆ, ಮನೆಗೆ ಬಂದು ನೋಡಿದರೆ ಮೂಗಿನ ತುದಿಗೆ ಆಗಿರುತ್ತದೆ. ಒಂದು ಕಸ್ಟಮ್ ಬಟನ್‌ಗೆ ಫೋಕಸ್ ದೊಡ್ಡದು ಮಾಡಿ ತೋರಿಸುವ ಆಯ್ಕೆ ಕೊಟ್ಟಿಟ್ಟುಕೊಳ್ಳಿ. ಒತ್ತಿ, ದೊಡ್ಡದು ಮಾಡಿ, ಕಣ್ಣಿಗೆ ಹಿಡಿದು, ಆಮೇಲೆ ಕ್ಲಿಕ್.

ಎ6400 ಬಾಡಿಯಲ್ಲಿ ಅಲುಗಾಟ ತಡೆಯುವ ವ್ಯವಸ್ಥೆ ಇಲ್ಲ. 58 ಎಂಎಂ ಆ ಸೆನ್ಸರ್ ಮೇಲೆ 87 ಎಂಎಂನಷ್ಟು ನೋಟ ಕೊಡುತ್ತದೆ. ಕೈಯಲ್ಲಿ ಹಿಡಿದು ತೆಗೆಯುವುದಾದರೆ 1/100ಕ್ಕಿಂತ ಕೆಳಗೆ ಇಳಿಯದಿರುವುದು ಒಳ್ಳೆಯದು. ಒಳಗೇ ಆ ವ್ಯವಸ್ಥೆ ಇರುವ ಕ್ಯಾಮೆರಾ ಇಟ್ಟುಕೊಂಡವರು ಮೆನುವಿನಲ್ಲಿ ಲೆನ್ಸ್ ಮೇಲೆ ಬರೆದ ಎಂಎಂ ಅನ್ನೇ ತುಂಬಬೇಕು, 1.5ರಿಂದ ಗುಣಿಸಿದ್ದನ್ನಲ್ಲ.

ಮದುವೆ ಸೀಸನ್, ಕಲಬುರಗಿ

ನನ್ನದು ಬೇರೆ ಅಭಿಪ್ರಾಯ. ಮದುವೆ ಕೆಲಸ ಮಾಡುವವನಾಗಿ ಹೇಳುತ್ತಿದ್ದೇನೆ. ಅಕ್ಷತೆ ಬೀಳುವ ಹೊತ್ತಿಗೆ ರಿಂಗ್ ತಿರುಗಿಸುತ್ತಾ ನಿಲ್ಲಲು ಆಗುತ್ತಾ? ಅಡಾಪ್ಟರ್, ರಿಪೇರಿ, ಕ್ಲೀನಿಂಗ್ ಅಂತ ಹಾಕುವ ಹಣಕ್ಕೆ ಸ್ವಲ್ಪ ಸೇರಿಸಿದರೆ ಆಟೋಫೋಕಸ್ ಇರುವ ಹೊಸ 50 ಎಂಎಂ ಬರುತ್ತದೆ. ಹೀಲಿಯೋಸ್‌ನ ಸುತ್ತುವ ಹಿನ್ನೆಲೆ ಅಂತ ಎಲ್ಲರೂ ಹಿಂದೆ ಬಿದ್ದಿದ್ದಾರೆ. ಎ6400 ಸೆನ್ಸರ್ ಚಿಕ್ಕದು, ಆ ಸುತ್ತು ಬರುವುದೇ ಅಂಚಿನಲ್ಲಿ, ಅಂಚೆಲ್ಲ ಕತ್ತರಿಸಿ ಹೋಗುತ್ತದೆ.

ಹಳೆ ಸ್ಟುಡಿಯೋ, ಬೀದರ್

ಮದುವೆ ವಿಷಯದಲ್ಲಿ ನಿಮ್ಮ ಮಾತು ನೂರಕ್ಕೆ ನೂರು ಸರಿ. ದುಡ್ಡು ತೆಗೆದುಕೊಂಡು ಮಾಡುವ ಕೆಲಸದಲ್ಲಿ, ಮತ್ತೊಮ್ಮೆ ಬಾರದ ಗಳಿಗೆಗೆ ಆಟೋಫೋಕಸ್ಸೇ ಬೇಕು. ಚಿಕ್ಕ ಸೆನ್ಸರ್‌ನಲ್ಲಿ ಸುತ್ತು ಕಡಿಮೆ ಅನ್ನುವುದೂ ನಿಜ. ಬೇಕೆಂದರೆ ಬೇವಿನ ಮರದಂಥ ಸಣ್ಣ ಎಲೆಗಳ ಗುಂಪು ಹಿಂದೆ ದೂರದಲ್ಲಿ ಇರಬೇಕು, ಮುಂದಿನ ಮನುಷ್ಯ ಹತ್ತಿರ ಇರಬೇಕು, ಅಪರ್ಚರ್ ಎಫ್ 2ರಲ್ಲೇ ಇರಬೇಕು. ಆಗ ಸ್ವಲ್ಪ ಕಾಣುತ್ತದೆ.

ಆದರೆ ಈ ತಮ್ಮ ಕೇಳಿದ್ದು ಮದುವೆಗೆ ಅಲ್ಲ. ಗುಂಬಜ್ ಎಲ್ಲಿಗೂ ಓಡಿಹೋಗುವುದಿಲ್ಲ. ಬಿದ್ರಿ ಕುಸುರಿ ಮಾಡುವವರು ಒಂದೇ ಜಾಗದಲ್ಲಿ ಕೂತಿರುತ್ತಾರೆ. ಇಂಥ ಕಡೆ ರಿಂಗ್ ತಿರುಗಿಸಿ ಫೋಕಸ್ ಹಿಡಿಯುವುದೇ ಸುಖ. ಈಗಿನ ಅಗ್ಗದ ಲೆನ್ಸ್‌ಗಳ ಫೋಕಸ್ ರಿಂಗ್ ಎಷ್ಟು ತಿರುಗಿಸಿದರೂ ಕೈಗೆ ಏನೂ ಗೊತ್ತಾಗುವುದಿಲ್ಲ. ಹಳೆಯದರಲ್ಲಿ ರಿಂಗ್ ದೂರ ತಿರುಗುತ್ತದೆ, ಎರಡೂ ಕೊನೆಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ಮೇಲೆ ಮೀಟರ್ ಸಂಖ್ಯೆ ಕೆತ್ತಿರುತ್ತದೆ. ಆ ಕೆತ್ತನೆಗೇ ಬೆಲೆ ಇದೆ.

ಇನ್ನು ಹಳದಿ ಗಾಜಿನ ವಿಷಯ. ಟಕುಮಾರ್ 50 ಎಫ್ 1.4ರಲ್ಲಿ ಏಳು ಗಾಜಿನ ಮಾದರಿಗಳಿಗೆ ಥೋರಿಯಂ ಬೆರೆಸಿದ ಗಾಜು ಹಾಕಿದ್ದರು. ಬೆಳಕನ್ನು ಹೆಚ್ಚು ಬಾಗಿಸುತ್ತದೆ ಅಂತ. ಅದರ ವಿಕಿರಣದಿಂದಲೇ ವರ್ಷಗಳು ಕಳೆದಂತೆ ಗಾಜು ಹಳದಿ ಆಗುತ್ತದೆ. ಮೊದಮೊದಲ ಎಂಟು ಗಾಜಿನ ಮಾದರಿಯಲ್ಲಿ ಇದು ಇರಲಿಲ್ಲ. ನಿನ್ನದು ಹಳದಿ ಆಗಿದೆ ಅಂದರೆ ಏಳು ಗಾಜಿನದು. ನೇರಳಾತೀತ ಬೆಳಕು ಬಿದ್ದರೆ ಹಳದಿ ಇಳಿಯುತ್ತದೆ. ಯುವಿ ಎಲ್ಇಡಿ ದೀಪದ ಕೆಳಗೆ ಹಿಂದಿನ ಗಾಜು ಮೇಲೆ ಮಾಡಿ ಇಟ್ಟು, ಕೆಳಗೆ ಅಲ್ಯೂಮಿನಿಯಂ ಹಾಳೆ ಹಾಸಿ, ಕೆಲವು ದಿನ ಬಿಡು. ದೀಪವನ್ನು ಕಣ್ಣಿಟ್ಟು ನೋಡಬೇಡ. ಬಿಸಿಲಲ್ಲೂ ಆಗುತ್ತದೆ, ಆದರೆ ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಿಗೆ ಖಂಡಿತ ಇಡಬೇಡ, ಒಳಗಿನ ಗ್ರೀಸ್ ಕರಗಿ ಇಳಿಯುತ್ತದೆ. ಚಳಿಗಾಲದ ಬೆಳಗಿನ ಬಿಸಿಲು ಸಾಕು.

ಚಿಕ್ಕಮ್ಮ 28 ಎಂಎಂ, ಬೀದರ್

ಥೋರಿಯಂ ಅಂದರೆ ವಿಕಿರಣ ಅಲ್ವಾ? ಮನೆಯಲ್ಲಿ ಮಕ್ಕಳಿದ್ದಾರೆ. ಇಟ್ಟುಕೊಳ್ಳಬಹುದಾ?

ಹಳೆ ಸ್ಟುಡಿಯೋ, ಬೀದರ್

ಇಟ್ಟುಕೊಳ್ಳಬಹುದು ತಂಗಿ. ಫೋಟೋ ತೆಗೆಯುವಾಗ, ಬ್ಯಾಗಿನಲ್ಲಿ ಒಯ್ಯುವಾಗ ಮೈಗೆ ತಾಗುವ ಪ್ರಮಾಣ ತೀರ ಕಡಿಮೆ. ಮಾಡಬಾರದ್ದು ಎರಡೇ. ಆ ಗಾಜನ್ನು ಒಡೆದು ಉಜ್ಜಿ ಪುಡಿ ಮಾಡಬಾರದು, ಆ ಪುಡಿ ಉಸಿರಿಗೆ ಹೋಗಬಾರದು. ಮತ್ತೆ ಲೆನ್ಸನ್ನು ಕಣ್ಣಿಗೆ ಒತ್ತಿ ಹಿಡಿದು ಭೂತಗನ್ನಡಿಯ ಹಾಗೆ ಬಳಸಬಾರದು. ಥೋರಿಯಂ ಅರ್ಧ ಕಡಿಮೆ ಆಗಲು ಸುಮಾರು 1400 ಕೋಟಿ ವರ್ಷ ಬೇಕು. ಅಷ್ಟು ನಿಧಾನವಾಗಿ ಕರಗುತ್ತದೆ ಅನ್ನುವುದೇ ಅದರ ವಿಕಿರಣ ಇಷ್ಟು ಮಂದವಾಗಿರಲು ಕಾರಣ. ಆದರೂ ಮಕ್ಕಳ ಆಟಿಕೆ ಡಬ್ಬಿಯಲ್ಲಿ ಬೇಡ, ಕಪಾಟಿನಲ್ಲಿ ಇರಲಿ.

ಭೀಮಾ ದಂಡೆ, ಯಾದಗಿರಿ

ನನ್ನ ಹತ್ತಿರ ನಿಕಾನ್ ಡಿ5300. ಮಾಮಾ ಕೊಟ್ಟ ಹಳೆ ನಿಕ್ಕಾರ್ 50 ಎಂಎಂ ಎಫ್ 1.8 ಎಐ-ಎಸ್ ಹಾಕಿದೆ. ಎ ಮೋಡ್‌ನಲ್ಲಿ ಕ್ಲಿಕ್ಕೇ ಆಗಲಿಲ್ಲ. ಕೆಟ್ಟಿದೆಯಾ?

ಸುರಪುರ ಸೈಕಲ್, ಯಾದಗಿರಿ ಜಿಲ್ಲೆ

ಕೆಟ್ಟಿಲ್ಲ ಅಣ್ಣಾ. ಡಿ3000, ಡಿ5000 ಸಾಲಿನ ನಿಕಾನ್‌ಗಳಲ್ಲಿ ಹಳೆ ಲೆನ್ಸಿನ ಅಪರ್ಚರ್ ಓದುವ ಕೊಕ್ಕೆ ಇಲ್ಲ. ಎಂ ಮೋಡ್‌ಗೆ ಹೋಗಿ. ಬೆಳಕಿನ ಮೀಟರ್ ಕೆಲಸ ಮಾಡುವುದಿಲ್ಲ. ಒಂದು ಫೋಟೋ ತೆಗೆದು ಹಿಸ್ಟೋಗ್ರಾಂ (ಬೆಳಕಿನ ಗ್ರಾಫ್) ನೋಡಿ, ಶಟರ್ ಹೆಚ್ಚು ಕಡಿಮೆ ಮಾಡಿ. ವ್ಯೂಫೈಂಡರ್ ಕೆಳಗಿನ ಹಸಿರು ಚುಕ್ಕೆ ಮಾತ್ರ ಫೋಕಸ್ ಆದಾಗ ಹತ್ತುತ್ತದೆ, ಅದನ್ನು ನಂಬಬಹುದು. ಡಿ7000, ಡಿ7100, ಡಿ7200 ಕ್ಯಾಮೆರಾ ಆದರೆ ಮೆನುವಿನಲ್ಲಿ ಲೆನ್ಸಿನ ಎಂಎಂ ಮತ್ತು ಎಫ್ ಸಂಖ್ಯೆ ತುಂಬಿ ಎ ಮೋಡ್‌ನಲ್ಲೇ ತೆಗೆಯಬಹುದು.

ಒಂದು ಎಚ್ಚರಿಕೆ ಎಲ್ಲರಿಗೂ. 1977ಕ್ಕಿಂತ ಮೊದಲಿನ, ಎಐ ಮಾಡಿಸದ (ಅಂದರೆ ಅಪರ್ಚರ್ ರಿಂಗನ್ನು ಆ ಕೊಕ್ಕೆಗೆ ಹೊಂದುವಂತೆ ಬದಲಿಸದ) ನಿಕ್ಕಾರ್‌ಗಳನ್ನು ಡಿ7000 ಥರದ ಬಾಡಿಗೆ ಒತ್ತಿ ಹಾಕಬೇಡಿ. ಅಪರ್ಚರ್ ರಿಂಗಿನ ಹಿಂಭಾಗ ಆ ಕೊಕ್ಕೆಗೆ ಬಡಿದು ಮುರಿಯುತ್ತದೆ. ನಿಮ್ಮ ಡಿ5300ಗೆ ಆ ಕೊಕ್ಕೆಯೇ ಇಲ್ಲದ್ದರಿಂದ ಅವೂ ಕೂರುತ್ತವೆ.

ಇನ್ನು ನಿಕಾನ್ ಡಿಎಸ್ಎಲ್ಆರ್‌ಗೆ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಎಂ42 ಲೆನ್ಸ್ ಹಾಕುವ ಆಸೆ ಬಿಟ್ಟುಬಿಡಿ. ನಿಕಾನ್ ಅಂತರವೇ 46.5, ಎಂ42ದು 45.46. ಜಾಗ ಮೊದಲೇ ಜಾಸ್ತಿ ಇದೆ, ಅಡಾಪ್ಟರ್ ಎಲ್ಲಿ ಕೂರಬೇಕು? ನಡುವೆ ಗಾಜಿನ ತುಣುಕು ಇರುವ ಅಡಾಪ್ಟರ್ ಹಾಕದೆ ದೂರದ್ದು ಫೋಕಸ್ ಆಗುವುದಿಲ್ಲ, ಆ ಗಾಜು ಚಿತ್ರವನ್ನು ಮಂಕು ಮಾಡುತ್ತದೆ. ಕೆನಾನ್ ಡಿಎಸ್ಎಲ್ಆರ್‌ನಲ್ಲಿ ಅಂತರ 44, ಅಲ್ಲಿ ಎಂ42 ಸರಾಗವಾಗಿ ಕೂರುತ್ತದೆ.

ತೊಗರಿ ಕಣಜ, ಸೇಡಂ

ಲೆನ್ಸ್ ಒಳಗೆ ಏನಿದೆ ಅಂತ ಮೊದಲು ನೋಡಿ. ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು, ಮುಂದಿನಿಂದ ಓರೆಯಾಗಿ ನೋಡಬೇಕು. ಧೂಳಿನ ಚುಕ್ಕೆಗಳು ಕಂಡರೆ ಚಿಂತೆ ಇಲ್ಲ, ನಮ್ಮ ಕಡೆ ಧೂಳಿಲ್ಲದ ಲೆನ್ಸೇ ಇಲ್ಲ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್. ಇಡೀ ಗಾಜಿನ ಮೇಲೆ ಮಂಜು ಕವಿದ ಹಾಗಿದ್ದರೆ ಬೆಳಕಿಗೆ ಎದುರು ಹಿಡಿದಾಗ ಫೋಟೋ ತೊಳೆದ ಹಾಗೆ ಬರುತ್ತದೆ. ಮುಂದಿನ ಗಾಜಿನ ಸಣ್ಣ ಗೀರಿಗಿಂತ ಹಿಂದಿನ ಗಾಜಿನ ಗೀರು ಹೆಚ್ಚು ಕಾಡುತ್ತದೆ.

ಬ್ಲೇಡ್ ಮೇಲೆ ಎಣ್ಣೆ ಇದೆ ಅಂತ ಮಾರುವವರು ಬೆಲೆ ಇಳಿಸಿದ್ದರೆ ಬಿಡಬೇಡಿ. ಫಿಲ್ಮ್ ಕ್ಯಾಮೆರಾದಲ್ಲಿ ಕ್ಲಿಕ್ ಆಗುವ ಕ್ಷಣದಲ್ಲೇ ಸ್ಪ್ರಿಂಗ್ ಬ್ಲೇಡನ್ನು ಮುಚ್ಚಬೇಕಿತ್ತು, ಎಣ್ಣೆ ಇದ್ದರೆ ತಡವಾಗುತ್ತಿತ್ತು. ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಬ್ಲೇಡ್ ಮೊದಲೇ ಮುಚ್ಚಿರುತ್ತದೆ. ಪೂರ್ತಿ ಅಂಟಿಕೊಂಡಿಲ್ಲ ಅಂದರೆ ಫೋಟೋಗೆ ಏನೂ ವ್ಯತ್ಯಾಸ ಆಗುವುದಿಲ್ಲ.

ಬೇಸಿಗೆಯಲ್ಲಿ ಗಾಡಿ ಡಿಕ್ಕಿಯಲ್ಲಿ ಲೆನ್ಸ್ ಇಡಲೇಬೇಡಿ. ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್. ಜೊತೆ ಬಂದ ಚರ್ಮದ ಚೀಲ ಎಷ್ಟೇ ಚಂದ ಇದ್ದರೂ ಹೊರಗಿಡಿ, ಅದೇ ಪಸೆ ಹಿಡಿದುಕೊಳ್ಳುತ್ತದೆ. ನೀಲಿ ಸಿಲಿಕಾ ಜೆಲ್ ಗುಲಾಬಿ ಆದ ಮೇಲೆ ಬಿಸಿ ಮಾಡಿದರೆ ಮತ್ತೆ ನೀಲಿ ಆಗುತ್ತದೆ. ಅದಕ್ಕೆ ಬೇರೆ ಹಳೆ ತಗಡು ಇಟ್ಟುಕೊಳ್ಳಿ. ರೊಟ್ಟಿ ಹಂಚಿನ ಮೇಲೆ ಹಾಕಬೇಡಿ, ಆ ಬಣ್ಣ ವಿಷ.

ಬಿಚ್ಚಿ ಕ್ಲೀನ್ ಮಾಡಿಸಬೇಕಿದ್ದರೆ ನಮಗೆಲ್ಲ ಹತ್ತಿರ ಹೈದರಾಬಾದೇ. ಕೋಠಿ ಕಡೆ ವಿಚಾರಿಸಿ. ಕೊಡುವ ಮುಂಚೆ ಒಳಗಿನ ಗಾಜಿನ ಫೋಟೋ ತೆಗೆದಿಟ್ಟುಕೊಳ್ಳಿ.

ಬಿದ್ರಿ ಮನೆ, ಬೀದರ್

ಬಿದ್ರಿ ಬಗ್ಗೆ ಬರೆದಿದ್ದಕ್ಕೆ ನಾನೂ ಬಂದೆ. ನಮ್ಮ ಮನೆಯಲ್ಲಿ ಇದೇ ಕೆಲಸ. ಹೊರಗಿನಿಂದ ಬಂದು ಫೋಟೋ ತೆಗೆಯುವವರು ಬಹಳ, ಆದರೆ ಕಪ್ಪು ಬೂದಿಯಾಗಿ, ಬೆಳ್ಳಿ ಬರೀ ಬಿಳಿ ಚುಕ್ಕೆಯಾಗಿ ಬರುತ್ತದೆ. ಸತು ಮತ್ತು ತಾಮ್ರದ ಎರಕ, ಅದರ ಮೇಲೆ ಉಳಿಯಿಂದ ಕೊರೆದು ಬೆಳ್ಳಿ ತಂತಿ ಕೂರಿಸುತ್ತೇವೆ. ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಕುದಿಸಿದ ನೀರಿನಲ್ಲಿ ಹಾಕಿದಾಗ ಎರಕ ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಆ ಕಪ್ಪು ಕಪ್ಪಾಗಿಯೇ ಕಾಣಬೇಕು. ಹೂಬಳ್ಳಿಯ ಒಂದೊಂದು ಎಳೆ ಕಾಣಬೇಕು. ಹಳೆ ಲೆನ್ಸ್‌ನಲ್ಲಿ ಆಗುತ್ತದಾ?

ಹಳೆ ಸ್ಟುಡಿಯೋ, ಬೀದರ್

ಅಕ್ಕಾ, ಬಹಳ ಚೆನ್ನಾಗಿ ಆಗುತ್ತದೆ. ಆದರೆ ಲೆನ್ಸಿಗಿಂತ ಬೆಳಕಿನ ಕೆಲಸ ಜಾಸ್ತಿ.

ಫ್ಲ್ಯಾಶ್ ಬೇಡ. ನೇರ ಬಿಸಿಲೂ ಬೇಡ. ಉತ್ತರದ ಕಿಟಕಿ ಪಕ್ಕದಲ್ಲಿ ವಸ್ತು ಇಡಿ. ಬೆಳ್ಳಿ ಅನ್ನುವುದು ಕನ್ನಡಿ, ಎದುರಿಗೆ ಏನಿದೆಯೋ ಅದನ್ನೇ ತೋರಿಸುತ್ತದೆ. ಒಂದು ಕಡೆ ಬಿಳಿ ಹಾಳೆ ನಿಲ್ಲಿಸಿದರೆ ಬೆಳ್ಳಿ ಎಳೆಗಳಿಗೆ ಮೆತ್ತನೆ ಹೊಳಪು ಬರುತ್ತದೆ. ಕ್ಯಾಮೆರಾ ಕಡೆ ಕಪ್ಪು ಬಟ್ಟೆ ಹಿಡಿದರೆ ಎರಕದ ಕಪ್ಪು ಗಾಢವಾಗಿ ಉಳಿಯುತ್ತದೆ. ಹಾಳೆಯನ್ನು ಸ್ವಲ್ಪ ಸ್ವಲ್ಪ ಸರಿಸುತ್ತಾ ಪರದೆಯಲ್ಲಿ ನೋಡಿ, ಒಂದು ಜಾಗದಲ್ಲಿ ಬಳ್ಳಿ ಪೂರ್ತಿ ಎದ್ದು ಕಾಣುತ್ತದೆ. ಕಪ್ಪು ವಸ್ತು ಕಂಡಾಗ ಕ್ಯಾಮೆರಾ ಮೀಟರ್ ಕತ್ತಲು ಅಂದುಕೊಂಡು ಬೆಳಕು ಹೆಚ್ಚಿಸುತ್ತದೆ. ಕಪ್ಪು ಬೂದಿ ಆಗುವುದು ಅದಕ್ಕೇ. ಎಕ್ಸ್‌ಪೋಷರ್ ಒಂದು ಸ್ಟಾಪ್ (ಬೆಳಕು ಅರ್ಧಕ್ಕೆ) ಕಡಿಮೆ ಮಾಡಿ, ಬೇಕಿದ್ದರೆ ಇನ್ನೂ ಸ್ವಲ್ಪ.

ಹತ್ತಿರದಿಂದ ತೆಗೆಯಲು ಎಂ42 ಎಕ್ಸ್‌ಟೆನ್ಷನ್ ರಿಂಗ್ (ಲೆನ್ಸನ್ನು ಕ್ಯಾಮೆರಾದಿಂದ ದೂರ ಇಡುವ ಟೊಳ್ಳು ಬಳೆ) ಸೆಟ್ ತಗೊಳ್ಳಿ, ಅಗ್ಗ. 50 ಎಂಎಂ ಲೆನ್ಸ್ ಹಿಂದೆ 25 ಎಂಎಂ ರಿಂಗ್ ಹಾಕಿದರೆ ಸೆನ್ಸರ್ ಮೇಲೆ ವಸ್ತು ಅರ್ಧ ಗಾತ್ರಕ್ಕೆ ಬೀಳುತ್ತದೆ. ಅಂದರೆ ಎ6400ದಲ್ಲಿ ಸುಮಾರು ನಾಲ್ಕೂವರೆ ಸೆಂಟಿಮೀಟರ್ ಅಗಲದ ಜಾಗ ಫ್ರೇಂ ತುಂಬುತ್ತದೆ, ಒಂದು ಹೂವಿನ ವಿನ್ಯಾಸ ಸಾಕಷ್ಟು ದೊಡ್ಡದಾಗಿ ಸಿಗುತ್ತದೆ. ಅಪರ್ಚರ್ ಎಫ್ 8. ಟ್ರೈಪಾಡ್ ಮೇಲೆ ಎರಡು ಸೆಕೆಂಡ್ ಟೈಮರ್. ಇಷ್ಟು ಹತ್ತಿರದಲ್ಲಿ ಫೋಕಸ್ ರಿಂಗ್ ತಿರುಗಿಸುವುದಕ್ಕಿಂತ ವಸ್ತುವನ್ನೇ ಮುಂದೆ ಹಿಂದೆ ಸರಿಸುವುದು ಸುಲಭ.

ತಮ್ಮಾ, ನಿನ್ನ 28 ಎಂಎಂ ನಿಕ್ಕಾರ್ ಎಐ-ಎಸ್ ಇದೆಯಲ್ಲ, ಅದು 20 ಸೆಂಟಿಮೀಟರ್ ಹತ್ತಿರಕ್ಕೂ ಫೋಕಸ್ ಆಗುತ್ತದೆ. ಉಳಿ ಹಿಡಿದ ಕೈ ಮುಂದೆ ದೊಡ್ಡದಾಗಿ, ಹಿಂದೆ ಕೂತ ಮನುಷ್ಯ ಮತ್ತು ಅಂಗಡಿ, ಎಲ್ಲ ಒಂದೇ ಚಿತ್ರದಲ್ಲಿ ಬರುತ್ತವೆ. ಕೈಗಳ ಫೋಟೋಗೆ ನಾನಾದರೆ ಮೊದಲು ಅದನ್ನೇ ಹಾಕುತ್ತೇನೆ.

ಶಹಾಬಾದಿ ಕಲ್ಲು, ಕಲಬುರಗಿ

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ. ಅಡಾಪ್ಟರ್ ಎರಡೂ ಬಂದವು. ಹೀಲಿಯೋಸ್‌ನಲ್ಲಿ ಹಫ್ತ್ ಗುಂಬಜ್ ಗೋಡೆಯ ಗಚ್ಚಿನ ಕುಸುರಿ ತೆಗೆದೆ. ಸಂಜೆ ಬೆಳಕು ಓರೆಯಾಗಿ ಬಿದ್ದಾಗ ಒಂದೊಂದು ಎಲೆಯ ಅಂಚೂ ಎದ್ದಿತ್ತು. ಕಾಕಾಗೆ ತೋರಿಸಿದೆ. ದೊಡ್ಡದು ಮಾಡು, ಇನ್ನೂ ಮಾಡು ಅನ್ನುತ್ತಾ ಬಹಳ ಹೊತ್ತು ನೋಡಿದರು.

ಮೂರು ಸಂದೇಹ ಉಳಿದಿವೆ. ಲೆನ್ಸ್ ಅನಂತದ (ತೀರ ದೂರದ್ದಕ್ಕೆ ಇರುವ ∞) ಗುರುತಿಗೆ ಬರುವ ಮುಂಚೆಯೇ ದೂರದ್ದು ಸ್ಪಷ್ಟವಾಗುತ್ತದೆ, ಗುರುತಿನ ಮೇಲೆ ಇಟ್ಟರೆ ಮಸುಕು. ಜಾಮಾ ಮಸೀದಿ ಒಳಗೆ 28 ಎಂಎಂ ಹಾಕಿದರೂ ಕಮಾನುಗಳು ಪೂರ್ತಿ ಬರುತ್ತಿಲ್ಲ. ಮತ್ತೆ ಶರಣಬಸವೇಶ್ವರ ಜಾತ್ರೆಯಲ್ಲಿ ಜನರ ನಡುವೆ ಮ್ಯಾನುಯಲ್ ಫೋಕಸ್ ಹೇಗೆ ಮಾಡುವುದು?

ಸುರಪುರ ಸೈಕಲ್, ಯಾದಗಿರಿ ಜಿಲ್ಲೆ

ಮೊದಲನೆಯದು ದೋಷ ಅಲ್ಲ. ಅಡಾಪ್ಟರ್ ಕೂದಲೆಳೆಯಷ್ಟು ತೆಳ್ಳಗೆ ಮಾಡಿರುತ್ತಾರೆ, ಅನಂತ ತಪ್ಪದಿರಲಿ ಅಂತ. ದಪ್ಪ ಆಗಿದ್ದರೆ ದೂರದ್ದು ಯಾವತ್ತೂ ಸ್ಪಷ್ಟ ಆಗುತ್ತಿರಲಿಲ್ಲ, ಅದು ನಿಜವಾದ ತೊಂದರೆ. ರಾತ್ರಿ ಮಾಳಿಗೆ ಮೇಲೆ ನಿಂತು ದೂರದ ಟವರ್ ದೀಪಕ್ಕೆ ಫೋಕಸ್ ಹಿಡಿದು, ಆ ಜಾಗಕ್ಕೆ ರಿಂಗ್ ಮೇಲೆ ಸಣ್ಣ ಬಿಳಿ ಗುರುತು ಹಾಕಿಕೊಳ್ಳಿ.

ಜಾತ್ರೆಗೆ ಫೋಕಸ್ ಮಾಡುವುದೇ ಬೇಡ. 28 ಎಂಎಂ ಲೆನ್ಸ್, ಎಫ್ 8, ದೂರ 5 ಮೀಟರ್‌ಗೆ ಇಟ್ಟುಬಿಡಿ. ಎ6400ದಲ್ಲಿ ಸುಮಾರು ಎರಡೂವರೆ ಮೀಟರ್‌ನಿಂದ ಕೊನೆಯವರೆಗೆ ಎಲ್ಲ ಸ್ಪಷ್ಟ. ಬೆಳಕು ಇಳಿದು ಎಫ್ 5.6ಕ್ಕೆ ಬಂದರೆ 7 ಮೀಟರ್‌ಗೆ ಇಡಿ, ಮೂರೂವರೆ ಮೀಟರ್‌ನಿಂದ ಆಚೆ ಸಿಗುತ್ತದೆ. ಲೆನ್ಸ್ ಮೇಲಿನ ಗೆರೆಗಳನ್ನು ಹಾಗೇ ನಂಬಬೇಡಿ, ಅವು 35 ಎಂಎಂ ಫಿಲ್ಮ್ ಲೆಕ್ಕಕ್ಕೆ ಹಾಕಿದ್ದು. ನಿಮ್ಮ ಸೆನ್ಸರ್‌ಗೆ ಎಫ್ 8ರಲ್ಲಿ ತೆಗೆಯುವಾಗ ಎಫ್ 5.6ರ ಗೆರೆ ನೋಡಿ. ಆಮೇಲೆ ಆಟೋಫೋಕಸ್ ಹುಡುಕಾಡುವ ಅಷ್ಟು ಹೊತ್ತೂ ಬೇಡ, ಎತ್ತಿದ ಕೂಡಲೇ ಕ್ಲಿಕ್.

ಮದುವೆ ಸೀಸನ್, ಕಲಬುರಗಿ

ಈ ಜಾತ್ರೆ ಉಪಾಯ ನನಗೂ ಬೇಕಿತ್ತು, ಬರಾತ್ ಮೆರವಣಿಗೆಗೆ ಬಳಸುತ್ತೇನೆ. ಮಸೀದಿ ವಿಷಯ ನಾನು ಹೇಳುತ್ತೇನೆ. 28 ಎಂಎಂ ನಿಮ್ಮ ಸೆನ್ಸರ್‌ನಲ್ಲಿ 42 ಎಂಎಂ ಆಗುತ್ತದೆ, ಅಗಲ ಎಲ್ಲಿಂದ ಬರಬೇಕು? 1367ರ ಆ ಮಸೀದಿಗೆ ತೆರೆದ ಅಂಗಳವೇ ಇಲ್ಲ, ಇಡೀ ಜಾಗಕ್ಕೆ ಚಾವಣಿ ಇದೆ. ಹಿಂದೆ ಸರಿಯೋಣ ಅಂದರೆ ಇನ್ನೊಂದು ಕಂಬ ಅಡ್ಡ. ಅಲ್ಲಿಗೆ ನಿಮ್ಮ ಕ್ಯಾಮೆರಾ ಜೊತೆ ಬಂದ 16-50 ಕಿಟ್ ಲೆನ್ಸೇ ಒಯ್ಯಿರಿ. ಹಳೆಯ 20 ಎಂಎಂ ಲೆನ್ಸ್‌ಗಳು ದುಬಾರಿ, ಅಷ್ಟು ಕೊಟ್ಟರೂ ಸಿಗುವುದು 30 ಎಂಎಂ ನೋಟ. ಹೀಲಿಯೋಸ್ ಜೊತೆಗಿರಲಿ, ಪಕ್ಕದಿಂದ ಬೆಳಕು ಬೀಳುವ ಒಂದೊಂದು ಕಮಾನಿನ ತುಂಡು ಹಿಡಿಯಲು ಅದು ಚೆನ್ನ. ಟ್ರೈಪಾಡ್ ಒಯ್ಯುವ ಮುಂಚೆ ಪುರಾತತ್ವ ಇಲಾಖೆಯವರ ಅನುಮತಿ ಕೇಳಿಕೊಳ್ಳಿ.

ಹಳೆ ಸ್ಟುಡಿಯೋ, ಬೀದರ್

ಒಳ್ಳೆ ಮಾತು. ಇನ್ನೊಂದು: ಹೀಲಿಯೋಸ್‌ಗೂ ಟಕುಮಾರ್‌ಗೂ ಫಿಲ್ಟರ್ ಅಳತೆ 49 ಎಂಎಂ. ಒಂದೇ ರಬ್ಬರ್ ಹುಡ್ (ಲೆನ್ಸಿಗೆ ನೆರಳು ಕೊಡುವ ಮುಂದಿನ ಕವಚ) ಎರಡಕ್ಕೂ ಆಗುತ್ತದೆ. ಈ ಹಳೆ ಲೆನ್ಸ್‌ಗಳ ಲೇಪನ ಸಾದಾ, ಬಿಸಿಲು ಓರೆಯಾಗಿ ಬಿದ್ದರೂ ಚಿತ್ರ ಬೆಳ್ಳಗಾಗುತ್ತದೆ. ಅಷ್ಟೂರಿನ ಬಹಮನಿ ಗುಂಬಜ್‌ಗಳ ಹತ್ತಿರ ಬಯಲೇ ಬಯಲು, ಅಲ್ಲಿಗೆ ಹುಡ್ ಇಲ್ಲದೆ ಹೋಗಬೇಡ. ಅಹಮದ್ ಶಾ ವಲಿ ಗುಂಬಜ್ ಒಳಗಿನ ಬಣ್ಣದ ಚಿತ್ತಾರಕ್ಕೆ ಟಕುಮಾರ್ ಎಫ್ 1.4 ಬೇಕಾಗುತ್ತದೆ, ಒಳಗೆ ಬೆಳಕು ಬಹಳ ಕಡಿಮೆ. ಅದಕ್ಕೆ ಮೊದಲು ಆ ಹಳದಿ ಇಳಿಸು, ಇಲ್ಲದಿದ್ದರೆ ಅಲ್ಲಿನ ಬಣ್ಣ ಯಾವುದು, ಗಾಜಿನ ಬಣ್ಣ ಯಾವುದು ಗೊತ್ತಾಗುವುದಿಲ್ಲ.

ಭೀಮಾ ದಂಡೆ, ಯಾದಗಿರಿ

ಎಂ ಮೋಡ್‌ನಲ್ಲಿ ಬಂತು! ಯಾದಗಿರಿ ಕೋಟೆ ಮೇಲಿಂದ ತೆಗೆದೆ. ಕೊನೆಯ ಪ್ರಶ್ನೆ. ಇಲ್ಲೊಬ್ಬರು ಹಳೆ ಕೆನಾನ್ ಎಫ್‌ಡಿ 50 ಎಂಎಂ ಕೊಡುತ್ತೇನೆ ಅನ್ನುತ್ತಿದ್ದಾರೆ. ತಮ್ಮನ ಹತ್ತಿರ ಕೆನಾನ್ 200ಡಿ ಇದೆ. ಎರಡೂ ಕೆನಾನ್, ಕೂರುತ್ತದೆ ಅಲ್ವಾ?

ಸುರಪುರ ಸೈಕಲ್, ಯಾದಗಿರಿ ಜಿಲ್ಲೆ

ಕೂರುವುದಿಲ್ಲ ಅಣ್ಣಾ. ಕಂಪನಿ ಒಂದೇ, ಮೌಂಟ್ ಬೇರೆ. ಎಫ್‌ಡಿ ಅಂತರ 42, 200ಡಿಯ ಇಎಫ್ ಅಂತರ 44. ಎರಡು ಎಂಎಂ ಕಡಿಮೆ ಬೀಳುತ್ತದೆ. ನಿಮ್ಮ ತಮ್ಮನಿಗೆ ಮುಂದೆ ಮಿರರ್‌ಲೆಸ್ ತಗೊಳ್ಳುವ ವಿಚಾರ ಇದ್ದರೆ ಈಗಲೇ ಎಫ್‌ಡಿ ತೆಗೆದಿಡಿ, ಆಗ ಸೊಗಸಾಗಿ ಕೆಲಸ ಮಾಡುತ್ತದೆ. 200ಡಿಗೇ ಬೇಕು ಅಂದರೆ ಎಂ42 ಲೆನ್ಸ್ ಹುಡುಕಿ. ಲೈವ್ ವ್ಯೂನಲ್ಲಿ ದೊಡ್ಡದು ಮಾಡಿ ಫೋಕಸ್ ಹಿಡಿಯಲು ಹೇಳಿ, ವ್ಯೂಫೈಂಡರ್‌ನಲ್ಲಿ ಅಪರ್ಚರ್ ಮುಚ್ಚಿದಷ್ಟೂ ಕತ್ತಲಾಗುತ್ತದೆ.